ಹರಿಗೋಲಿನಲ್ಲಿ ಸಾಕುಪ್ರಾಣಿಗಳು

ಹೊಳೆದಂಡೆಯ ಊರಿನವರಿಗೆ ಹರಿಗೋಲು ಹೊಸ ಮಾತಲ್ಲ. ಅನೇಕ ಕಡೆ ಸೇತುವೆ ಬಂದಿವೆ, ನಿಜ. ಆದರೂ ನಡುಗಡ್ಡೆಯ ಹೊಲಕ್ಕೆ, ಆಚೆ ದಂಡೆಯ ಜಾತ್ರೆಗೆ ಹರಿಗೋಲಿನಲ್ಲಿ ಹೋಗುವವರು ಇನ್ನೂ ಇದ್ದಾರೆ. ಮನೆಮಂದಿ ಹೊರಟರೆಂದರೆ ಹಿಂದೆಯೇ ನಾಯಿ ಹೊರಡುತ್ತದೆ. ಹುಡುಗರು ತಾವು ಸಾಕಿದ ಆಡಿನ ಮರಿಯನ್ನೂ ಬಿಟ್ಟು ಬರಲು ಒಪ್ಪುವುದಿಲ್ಲ. ಇವುಗಳನ್ನು ನೀರಿನ ಮೇಲೆ ಕ್ಷೇಮವಾಗಿ ಕರೆದೊಯ್ಯುವುದು ಹೇಗೆ? ಈ ದಿನ ಅದನ್ನೇ ತಿಳಿಸುತ್ತೇನೆ.

ಪ್ರಾಣಿಗಳನ್ನು ಹರಿಗೋಲಿನಲ್ಲಿ ದಾಟಿಸುವುದು ಬಹಳ ಹಳೆಯ ರೂಢಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹತ್ತಿರ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬೇಕಾದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟಬಲ್ಲವು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎನ್ನುತ್ತಾನೆ. ಆಗ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹರಿಗೋಲಿನ ಗುಣ ಮಾತ್ರ ಬದಲಾಗಿಲ್ಲ. ಅದರ ಅಂಚು ತಗ್ಗು. ಭಾರವೆಲ್ಲ ಒಂದು ಕಡೆ ಸರಿದರೆ ಆ ಕಡೆಯಿಂದ ನೀರು ಒಳಗೆ ನುಗ್ಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಸಂಗತಿ ಹೇಳುತ್ತೇನೆ. ತುಂಗಭದ್ರೆಯ ದಂಡೆಯ ಒಂದು ಊರಿನಿಂದ ಅಜ್ಜಿ, ಮಗ, ಸೊಸೆ, ಮೊಮ್ಮಗ ಜಾತ್ರೆಗೆ ಹೊರಟಿದ್ದರು. ಜೊತೆಗೆ ಮೊಮ್ಮಗ ಸಾಕಿದ ಒಂದು ಆಡು. ನಾನೂ ಅದೇ ಹರಿಗೋಲಿನಲ್ಲಿದ್ದೆ. “ಆಡು ಜಿಗಿದೀತು, ಗಟ್ಟಿಯಾಗಿ ಕಟ್ಟಿರಿ” ಎಂದು ಹೇಳಿದವನು ನಾನೇ. ಕೊರಳ ಹಗ್ಗವನ್ನು ಹರಿಗೋಲಿನ ಅಂಚಿನ ಬಿದಿರಿಗೆ ಬಿಗಿದರು. ನಡುಹೊಳೆಯಲ್ಲಿ ಆಡು ಬೆದರಿ ಜಿಗಿಯಿತು. ಹಗ್ಗ ಹರಿಯಲಿಲ್ಲ. ಆಡು ಅಂಚಿಗೆ ನೇತುಬಿದ್ದು ಒದ್ದಾಡತೊಡಗಿತು. ಎಳೆಯಲು ಎಲ್ಲರೂ ಅದೇ ಕಡೆಗೆ ಬಾಗಿದೆವು. ಹರಿಗೋಲು ವಾಲಿ ನೀರು ಒಳಗೆ ಬಂತು. “ಯಾರೂ ಏಳಬ್ಯಾಡ್ರಿ, ಹಿಂದ ಸರೀರಿ!” ಎಂದು ಅಂಬಿಗ ಕೂಗಿ, ಕುಡುಗೋಲಿನಿಂದ ಹಗ್ಗ ಕಡಿದ. ಆರು ಜೀವ ಉಳಿದವು, ಆಡು ಉಳಿಯಲಿಲ್ಲ. ದಂಡೆ ಸೇರಿದ ಮೇಲೆ ಅಜ್ಜಿ, “ನೀವು ಹೇಳಿದ್ರಲ್ರೀ ಸಾಹೇಬ್ರ, ಅದಕ್ಕ ಗಟ್ಟಿ ಕಟ್ಟಿದ್ವಿ” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಮೊದಲನೆಯ ಮಾತು: ನೀರಿನ ಮೇಲೆ ಪ್ರಾಣಿಯನ್ನು ಹಿಡಿದುಕೊಳ್ಳಬೇಕು, ಕಟ್ಟಬಾರದು. ಹಗ್ಗದ ತುದಿಯನ್ನು ಹರಿಗೋಲಿಗೂ ಬಿಗಿಯಬೇಡಿ, ನಿಮ್ಮ ಮುಂಗೈಗೂ ಸುತ್ತಿಕೊಳ್ಳಬೇಡಿ. ಆಡಿನ ನಾಲ್ಕೂ ಕಾಲು ಕಟ್ಟಿ ಮಲಗಿಸುವವರಿದ್ದಾರೆ. ಅದೂ ತಪ್ಪು. ಕಾಲು ಬಿಟ್ಟಿದ್ದರೆ ಆಡು ಸ್ವಲ್ಪ ದೂರ ಈಜಬಲ್ಲದು, ಕಟ್ಟಿದರೆ ಮುಳುಗುತ್ತದೆ. ನಾಯಿಗೆ ಕೊರಳ ಪಟ್ಟಿಗಿಂತ ಎದೆಗೆ ಸುತ್ತುವ ಪಟ್ಟಿ ಒಳ್ಳೆಯದು. ನೀರಿಗೆ ಬಿದ್ದರೆ ಅದನ್ನು ಹಿಡಿದು ಎತ್ತಬಹುದು, ಉಸಿರು ಕಟ್ಟುವುದಿಲ್ಲ.

ಎರಡನೆಯದು, ರೂಢಿ ಮಾಡಿಸುವುದು. ಹೊರಡುವ ಒಂದೆರಡು ದಿನ ಮೊದಲು, ದಂಡೆಯಲ್ಲಿ ನಿಂತ ಹರಿಗೋಲಿನೊಳಗೆ ಪ್ರಾಣಿಯನ್ನು ಸ್ವಲ್ಪ ಹೊತ್ತು ಕೂಡಿಸಿ ಇಳಿಸಿರಿ. ಹೊರಡುವ ದಿನ ಹೊಟ್ಟೆ ಬಿರಿಯ ಮೇಯಿಸಬೇಡಿ. ಬಿಸಿಲೇರುವ ಮೊದಲೇ ದಾಟಿರಿ. ಕುಡಿಯುವ ನೀರು ಜೊತೆಗಿರಲಿ.

ಮೂರನೆಯದು, ಕೂಡಿಸುವ ಕ್ರಮ. ತಳಕ್ಕೆ ಗೋಣಿಚೀಲ ಹಾಸಿರಿ. ಕಾಲು ಜಾರುವುದಿಲ್ಲ, ಗೊರಸಿನಿಂದ ಹಾಳೆಯೂ ಹರಿಯುವುದಿಲ್ಲ. ಪ್ರಾಣಿ ನಡುವೆ ಇರಲಿ, ಜನ ಸುತ್ತಲೂ ಸಮನಾಗಿ ಕೂಡಲಿ. ಒಂದು ಪ್ರಾಣಿಗೆ ಒಬ್ಬ ದೊಡ್ಡವರು ಬೇಕು. ನಾಯಿಯನ್ನು ಮೊಣಕಾಲುಗಳ ನಡುವೆ ಕೂಡಿಸಿಕೊಳ್ಳಿ. ಆಡನ್ನು ಮಲಗಿಸಿ ಬೆನ್ನ ಮೇಲೆ ಕೈ ಇಡಿ. ಒಂದಕ್ಕೊಂದು ಆಗದ ನಾಯಿಗಳನ್ನು ಒಟ್ಟಿಗೆ ಒಯ್ಯಬೇಡಿ. ಕೋಳಿಗಳು ಬುಟ್ಟಿಯಲ್ಲಿರಲಿ. ಎತ್ತು, ಎಮ್ಮೆಗಳನ್ನು ಜನರ ಜೊತೆ ಹತ್ತಿಸಲೇಬಾರದು. ಭಾರ ಎಷ್ಟೆಂಬುದರಲ್ಲಿ ಅಂಬಿಗನ ಮಾತೇ ಕೊನೆಯ ಮಾತು. ಮಕ್ಕಳಿಂದ ಹಿಡಿದು ಎಲ್ಲರೂ ತೇಲುವ ಜಾಕೀಟು ತೊಟ್ಟಿರಬೇಕು.

ಇಷ್ಟಾದರೂ ಪ್ರಾಣಿ ಜಿಗಿದರೆ? ಕುಳಿತಲ್ಲೇ ಕುಳಿತಿರಿ. ಅದರ ಹಿಂದೆ ನೀವು ನೀರಿಗೆ ಹಾರಬೇಡಿ. ಪ್ರೀತಿಯಿಂದ ಹಾರಿದವರೇ ಸೆಳವಿಗೆ ಸಿಕ್ಕುವುದುಂಟು. ಹೆದರಿದ ಪ್ರಾಣಿ ಈಜುವವನ ಮೈಮೇಲೆ ಹತ್ತಲು ನೋಡುತ್ತದೆ. ಹೆಸರು ಹಿಡಿದು ಕರೆಯಿರಿ, ಅಂಬಿಗ ಹರಿಗೋಲನ್ನು ಹತ್ತಿರ ತರಲಿ. ಒಬ್ಬರು ಮಾತ್ರ ಕೂತೇ ಕೈಚಾಚಿ ಎತ್ತಲಿ. ಉಳಿದವರು ಎದುರು ಬದಿಗೆ ಭಾರ ಕೊಡಲಿ. ಮೇಲೆ ಬಂದ ಮೇಲೆ ಮೈ ಒರೆಸಿ ಬೆಚ್ಚಗಿಡಿ. ಕೆಮ್ಮು, ಏದುಸಿರು ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ.

ಹೊಳೆ ಕೆಂಪಾಗಿ ಏರುತ್ತಿದ್ದರೆ, ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದಿದ್ದರೆ, ಆ ದಿನ ಪ್ರಯಾಣವೇ ಬೇಡ. ಪ್ರವಾಹದ ಭಯವಿದ್ದಾಗ ದನಕರುಗಳನ್ನು ಮೊದಲೇ ಎತ್ತರದ ಜಾಗಕ್ಕೆ ಸಾಗಿಸಿರಿ. ಅದಕ್ಕೆ ಸಮಯವಿಲ್ಲದಿದ್ದರೆ ಕೊರಳ ಹಗ್ಗವನ್ನಾದರೂ ಬಿಚ್ಚಿರಿ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನಕ್ಕೆ ಈಜು ಬಂದರೂ ಉಪಯೋಗವಿಲ್ಲ.

ಜಾತ್ರೆ ಮುಂದಿನ ವರ್ಷವೂ ಬರುತ್ತದೆ. ಹೋಗುವಾಗ ಎಷ್ಟು ಜೀವ ಹತ್ತಿದವೋ ಬರುವಾಗಲೂ ಅಷ್ಟೇ ಇಳಿಯಲಿ.