ಹೋಗುವವರು, ಬರುವವರು

ಕಾಫಿ ಕೊಯ್ಲಿನ ಕಾಲ ಬಂತೆಂದರೆ ಕಡೂರು ಬಯಲಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟುತ್ತಾರೆ. ಜೀಪು ಬಂದು ನಿಲ್ಲುತ್ತದೆ. ಮಲೆನಾಡಿನ ತೋಟ ಮುಟ್ಟಿ, ಹಣ್ಣು ಕೊಯ್ದು, ಮನೆ ಸೇರುವಾಗ ಕತ್ತಲು. ಇದು ಹೊಸದೇನಲ್ಲ. ಆಂಗ್ಲ ತೋಟದೊಡೆಯರ ಕಾಲದಲ್ಲೇ ಮೇಸ್ತ್ರಿಗಳು ಮುಂಗಡ ಕೊಟ್ಟು ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಆಳುಗಳನ್ನು ಕರೆದೊಯ್ಯುತ್ತಿದ್ದರು. ಅಷ್ಟೇಕೆ, ಬಾಬಾ ಬುಡನ್ ಯಮನಿನಿಂದ ಏಳು ಬೀಜ ತಂದರೆಂಬ ಪ್ರತೀತಿಯಂತೆ ಕಾಫಿಯೇ ಹೊರಗಿನಿಂದ ಬಂದದ್ದು!

ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಕಡೂರು, ಅಜ್ಜಂಪುರದ ಕಡೆ ಮಳೆ ಕೈಕೊಟ್ಟರೆ ರಾಗಿಯೂ ಇಲ್ಲ, ಈರುಳ್ಳಿಯೂ ಇಲ್ಲ. ತರೀಕೆರೆಯ ಪಾಡು ಬೇರೆ. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟೆಯ ನೀರು ಹರಿದಲ್ಲಿ ಭತ್ತ, ಅಡಿಕೆ, ತೆಂಗು ಬಂದವು. ಕೂಲಿ ಹುಡುಕಿ ಜನರೂ ಬಂದರು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರಿಗೆ 2002ರ ಸುಮಾರಿಗೆ ಜಮೀನು ಕೊಟ್ಟು ನೆಲೆ ಕಲ್ಪಿಸಿದ್ದೂ ಇದೇ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ.

ಈಗ ಬಯಲಿನ ಹುಡುಗರು ತೋಟಕ್ಕಿಂತ ಬೆಂಗಳೂರನ್ನೇ ಇಷ್ಟಪಡುತ್ತಾರೆ. ಅವರು ಬಿಟ್ಟ ಜಾಗಕ್ಕೆ ಅಸ್ಸಾಮಿನವರು ಬಂದಿದ್ದಾರೆ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗಬೇಕೆಂದು ಬೆಳೆಗಾರರೇ ಒಪ್ಪುತ್ತಾರೆ. ದುಡಿದದ್ದರಲ್ಲಿ ಊರಿಗೆ ಕಳುಹಿಸಿ ಉಳಿದದ್ದು ಇಲ್ಲಿನ ದಿನಸಿ ಅಂಗಡಿ, ಸಂತೆಗೇ ಸೇರುತ್ತದೆ.

ಹಾಗಾದರೆ ಕಡೂರಿನ ಹೆಣ್ಣುಮಗಳಿಗೆ ನಷ್ಟವಿಲ್ಲವೇ? ಇದೆ. ಹೊರಗಿನವರು ತೋಟದ ಲೈನುಮನೆಯಲ್ಲೇ ಇರುತ್ತಾರೆ. ಜೀಪಿನ ಖರ್ಚಿಲ್ಲ, ಹೊತ್ತಿನ ಮಿತಿಯೂ ಇಲ್ಲ. "ಇಷ್ಟಕ್ಕೆ ಬರುವುದಾದರೆ ಬನ್ನಿ" ಎಂದು ಇವಳಿಗೆ ಹೇಳುವುದು ಸುಲಭವಾಗುತ್ತದೆ. ಆದರೆ ಅವಳ ಸಿಟ್ಟು ಹೊರಗಿನವರ ಮೇಲೆ ತಿರುಗುತ್ತದೆ, ಇಬ್ಬರ ಕೂಲಿಯಲ್ಲೂ ಪಾಲು ಹಿಡಿಯುವ ಗುತ್ತಿಗೆದಾರನನ್ನು ಯಾರೂ ಕೇಳುವುದಿಲ್ಲ. ಬಂಗಾಳಿ ಮಾತನಾಡುವವರು ಮುಸ್ಲಿಮರಾದರಂತೂ 'ಬಾಂಗ್ಲಾದೇಶದವರು' ಎಂಬ ಗುಮಾನಿ ಬೆನ್ನು ಬಿಡದು. ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಮಾತು ಬಂಗಾಳಿಯೇ ಎಂಬುದು ಇಲ್ಲಿ ಎಷ್ಟು ಮಂದಿಗೆ ಗೊತ್ತು?

2020ರ ಲಾಕ್‌ಡೌನ್‌ನಲ್ಲಿ ದೇಶದುದ್ದಕ್ಕೂ ವಲಸೆ ಕಾರ್ಮಿಕರು ಊರಿನತ್ತ ನಡೆದರು. ದುಡಿಯುವ ಊರಲ್ಲಿ ಅವರಿಗೆ ಪಡಿತರವೂ ಇರಲಿಲ್ಲ. ಈಗ 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ, ಆಧಾರ್ ಜೋಡಿಸಿದ್ದರೆ, ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ತನ್ನ ಪಾಲನ್ನು ಇಲ್ಲಿ ಪಡೆದು, ಮಕ್ಕಳ ಪಾಲನ್ನು ಊರಲ್ಲಿರುವ ಅಜ್ಜಿಗೆ ಬಿಡಲೂ ಬರುತ್ತದೆ. ಪಕ್ಕದ ಲೈನುಮನೆಯವಳಿಗೆ ಇದು ಗೊತ್ತಿಲ್ಲದಿದ್ದರೆ ತಿಳಿಸಿ.