ಕತ್ತರಿ ದೂರವಿಟ್ಟ ಕೌದಿ

ಕರ್ನಾಟಕದ ನಕ್ಷೆಯಲ್ಲಿ ಎಲ್ಲಕ್ಕಿಂತ ಮೇಲಿರುವ ತಾಲ್ಲೂಕು ಔರಾದ. ಬೀದರಿನಿಂದ ಹೊರಟ ರೈಲು ಭಾಲ್ಕಿ, ಕಮಲನಗರ ಮುಟ್ಟಿ ಉದಗೀರದ ಕಡೆ ಹೋಗಿಬಿಡುತ್ತದೆ; ಔರಾದ ಪಟ್ಟಣಕ್ಕೆ ಬಸ್ಸೇ ಗತಿ. ಅಲ್ಲಿಂದ ತೊಗರಿ, ಸೋಯಾ ಹೊಲಗಳ ನಡುವೆ ನಡೆದರೆ ಲಂಬಾಣಿ ತಾಂಡಾ. ಸೇವಾಲಾಲ್ ಮಹಾರಾಜರ ಗುಡಿಯ ಮೇಲೆ ಬಿಳಿ ಬಾವುಟ, ಪತ್ರಾಸು ಹೊದಿಸಿದ ಮನೆಗಳು. ಕಬ್ಬು ಕಡಿಯಲು, ಹೈದರಾಬಾದು ಪುಣೆಯ ಕಟ್ಟಡ ಕೆಲಸಕ್ಕೆ ಹೋದವರ ಬಾಗಿಲಿಗೆ ಬೀಗ. ಒಳಗೆ ಗೋಡೆಗೆ ಒತ್ತಿಟ್ಟ ಕಬ್ಬಿಣದ ಟ್ರಂಕು.

ಮುಚ್ಚಳ ತೆಗೆದರೆ ಮೊದಲು ಬರುವುದು ಬೇವಿನೆಲೆಯ ಪುಡಿ, ಡಾಂಬರು ಗುಳಿಗೆಯ ಘಾಟು. ಆಮೇಲೆ ಕೆಂಪು. ತಾಯಿ ತೊಟ್ಟ ಕಾಂಚಳಿ ರವಿಕೆ, ಅವಳ ಫೇಟಿಯಾ ಲಂಗದ ಸೊಂಟದ ಪಟ್ಟಿ, ಬಿಂದಿಗೆ ಹೊರುವಾಗ ತಲೆಯ ಹಿಂದೆ ಇಳಿಬೀಳುತ್ತಿದ್ದ ಕಸೂತಿಯ ತುಂಡು. ಸೊಸೆಯಂದಿರು ಸೀರೆ, ಚೂಡಿದಾರಕ್ಕೆ ಬಂದು ಎಷ್ಟೋ ಕಾಲವಾಯಿತು. ತೊಡುವವರಿಲ್ಲದ ಬಟ್ಟೆಗೆ ಇಲಿ ಮತ್ತು ತೇವ ಎರಡೇ ಗಿರಾಕಿ.

ಒಂದು ತುಂಡನ್ನು ಬೆಳಕಿಗೆ ಹಿಡಿಯಿರಿ. ಗೇಣಗಲದ ಬಟ್ಟೆ, ಅದರೊಳಗೆ ಒಂಬತ್ತು ಕನ್ನಡಿ. ಪ್ರತಿ ಕನ್ನಡಿಯ ಸುತ್ತ ದಾರದ ಬಳೆ. ಮೊದಲು ಅಡ್ಡ, ಉದ್ದ ನಾಲ್ಕು ಎಳೆ ಬಿಗಿದು, ಅವನ್ನೇ ಹಿಡಿದು ಸುತ್ತಲೂ ಟಾಕಿ ಹೆಣೆದದ್ದು. ಕನ್ನಡಿಗೆ ತೂತಿಲ್ಲ, ಅಂಟಿಲ್ಲ. ದಾರದ ಬಿಗಿತವೇ ಅದನ್ನು ಹಿಡಿದು ನಿಲ್ಲಿಸಿದೆ. ಒಂದು ಕನ್ನಡಿ ಕಪ್ಪಾಗಿದೆ. ಮೂಲೆಯಲ್ಲಿ ಕವಡೆ ಉದುರಿ, ಅದನ್ನು ಕಟ್ಟಿದ್ದ ದಾರದ ಮೊಂಡು ಉಳಿದಿದೆ. ತಿರುವಿ ನೋಡಿದರೆ ಹಿಂಬದಿಯಲ್ಲಿ ಗಂಟು ಹುಡುಕಬೇಕು, ಅಷ್ಟು ಅಚ್ಚುಕಟ್ಟು.

ಇಂಥ ಹನ್ನೆರಡು ತುಂಡುಗಳು ಕೌದಿಯ ಮೇಲ್ಮೈ ಆಗಬೇಕು. ಇವು ಮಾಮೂಲಿ ಕೌದಿಯ ದಾರಿಗೆ ಬರುವುದಿಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆ ಸೀರೆ, ಧೋತರ, ಅಂಗಿ ಎಲ್ಲ ಹರಿದು ಚೂರಾಗಿ ಒಂದರ ಮೇಲೊಂದು ಕೂಡುತ್ತವೆ. ಅಂಚಿನಿಂದ ನಡುವಿನವರೆಗೆ ಟಾಕಿ ಓಡುತ್ತದೆ. ಕಸೂತಿಯ ಮೇಲೆ ಹಾಗೆ ಸೂಜಿ ಓಡಿಸಿದರೆ ಹಳೆಯ ದಾರ ತುಂಡಾಗುತ್ತದೆ, ಕನ್ನಡಿ ಒಡೆಯುತ್ತದೆ.

ಮೊದಲ ಕೆಲಸ ಬಣ್ಣದ ಪರೀಕ್ಷೆ. ಒದ್ದೆ ಬಿಳಿ ಅರಿವೆಯನ್ನು ಮೂಲೆಗೆ ಒತ್ತಿ ಹಿಡಿಯುವುದು. ಕೆಂಪು ಅಂಟಿದರೆ ಆ ತುಂಡಿಗೆ ನೀರು ತಾಕಿಸುವಂತಿಲ್ಲ, ನೆರಳಿನ ಗಾಳಿ ಸಾಕು. ಆಮೇಲೆ ಬೀದರಿನ ಪೇಟೆ. ಚೌಬಾರದ ರಸ್ತೆಯಲ್ಲಿ ಬಿದರಿ ಕುಶಲಕರ್ಮಿಗಳ ಉಳಿಯ ಸದ್ದು ಕೇಳುತ್ತ ಹೋಗಿ ಕೋರಾ ಬಟ್ಟೆ, ಕೆಂಪು ಮತ್ತು ಕಡುನೀಲಿ ಹತ್ತಿ ಬಟ್ಟೆ ತರುವುದು. ಕೋರಾ ಬಟ್ಟೆಯನ್ನು ರಾತ್ರಿ ನೆನೆಹಾಕಿ ಗಂಜಿ ಬಿಡಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಕಸೂತಿ ಉಬ್ಬುತ್ತದೆ.

ಮಷೀನು ಇರುವುದು ಭಾಲ್ಕಿಯಲ್ಲಿ, ನೆಂಟರ ಮನೆಯ ಹತ್ತಿರದ ಟೇಲರ್ ಅಂಗಡಿಯಲ್ಲಿ. ಟೇಪು ಹಿಡಿದ ಟೇಲರ್‌ಗೆ ತಾಂಡಾದ ಮೌಶಿ ತಂದ ತುಂಡುಗಳ ಓರೆಕೋರೆ ಕಣ್ಣಿಗೆ ಚುಚ್ಚುತ್ತದೆ. ಒಂದು ಎಂಟು ಇಂಚು, ಇನ್ನೊಂದು ಒಂಬತ್ತು, ಮತ್ತೊಂದಕ್ಕೆ ಒಂದು ಮೂಲೆ ಉದ್ದ.

"ಮೌಶಿ, ಈ ಮೂಲಿ ಒಂಚೂರು ಕತ್ತರಸಿದ್ರ ಚೌಕ ಆಗ್ತದ ನೋಡ್ರಿ."

"ಕತ್ತರಿ ಕೆಳಗಿಡ್ರಿ ಮಾಸ್ತರ. ಕೆಳಗಿನ ಬಟ್ಟಿ ಬೇಕಾದಷ್ಟು ಹಚ್ಚ್ರಿ. ನಮ್ಮ ಯಾಡಿ ಹೊಲದಿದ್ದು ಕತ್ತರಸಬ್ಯಾಡ್ರಿ."

ಯಾಡಿ ಎಂದರೆ ತಾಯಿ. ಮೌಶಿಯ ಈ ಮಾತಿನಲ್ಲೇ ಇಡೀ ಲೆಕ್ಕ ಅಡಗಿದೆ. ತುಂಡುಗಳು ಒಂದೇ ಅಳತೆಗೆ ಬರಬೇಕಿಲ್ಲ, ಅವುಗಳ ಕೆಳಗಿನ ಬಟ್ಟೆ ಬಂದರೆ ಸಾಕು. ಕೋರಾ ಬಟ್ಟೆಯಲ್ಲಿ ಹನ್ನೊಂದು ಇಂಚಿನ ಹನ್ನೆರಡು ಚೌಕ, ನಡುವೆ ಒಂದೊಂದು ಕಸೂತಿ ತುಂಡು, ಅಂಚಿಗೆ ಕೈಹೊಲಿಗೆ. ಚೌಕದ ಸುತ್ತ ಅರ್ಧ ಇಂಚು ಹೊಲಿಗೆಗೆ ಹೋದರೆ ಕಾಣುವುದು ಹತ್ತು ಇಂಚು. ಅಡ್ಡ ಮೂರು, ಉದ್ದ ನಾಲ್ಕು ಸಾಲು, ನಡುವೆ ಮೂರಿಂಚಿನ ನೀಲಿ ಪಟ್ಟಿ, ಸುತ್ತ ಆರಿಂಚಿನ ಕೆಂಪು ಅಂಚು. ಅಲ್ಲಿಗೆ ನಾಲ್ಕು ಅಡಿ ಅಗಲ, ಐದು ಅಡಿ ಒಂದು ಇಂಚು ಉದ್ದ. ಮಷೀನು ಪಟ್ಟಿಯ ಮೇಲಷ್ಟೇ ಓಡುತ್ತದೆ; ಕಸೂತಿಯ ಹತ್ತಿರ ಬಂದಾಗ ಟೇಲರ್ ಕಾಲು ತೆಗೆಯುತ್ತಾನೆ, ಕನ್ನಡಿಗೆ ತಾಗಿದರೆ ಸೂಜಿ ಮುರಿಯುತ್ತದೆ. ಇಸ್ತ್ರಿ ಹಿಂಬದಿಯಿಂದ, ಕೆಳಗೆ ದಪ್ಪ ಟವೆಲ್ ಹಾಸಿ. ನಾಣ್ಯ, ಸೀಸದ ಮಣಿ ಇರುವ ಭಾರದ ತುಂಡುಗಳು ಕೆಳಗಿನ ಸಾಲಿಗೆ. ಮೇಲಿದ್ದರೆ ತೂಗುಹಾಕಿದಾಗ ಇಡೀ ಬಟ್ಟೆಯನ್ನು ಜಗ್ಗುತ್ತವೆ. ಅಸ್ತರು ಕೂಡಿಸುವಾಗಲೂ ಟಾಕಿ ಬೀಳುವುದು ಪಟ್ಟಿಗಳ ಮೇಲೆ ಮಾತ್ರ.

ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದೇ ಕೈಕಸುಬಿನ ಹಳೆಯ ತುಂಡುಗಳು ಔರಾದದ ತಾಂಡಾಗಳಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಪಾಲಾದರೆ ಕೇಳುವವರಿಲ್ಲ. ಹೀಗೆ ಕೈಬಿಟ್ಟದ್ದು ಗೋವಾದ ಸಂತೆಯಲ್ಲಿ ಚೀಲವಾಗಿ, ದಿಂಬಿನ ಚೀಲವಾಗಿ ನೇತಾಡುವುದುಂಟು. ಅಲ್ಲಿ ಕತ್ತರಿಗೆ ಅಡ್ಡ ಬರುವ ಮಗಳಿರುವುದಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ತುಂಡುಗಳಿದ್ದರೆ ಪಾತ್ರೆಗೆ ಹಾಕಬೇಡಿ. ನಾಲ್ಕೇ ಇದ್ದರೂ ಪಟ್ಟಿ ಹಚ್ಚಿ ಕೂಡಿಸಿ. ಕೆಲಸ ಮುಗಿದ ಮೇಲೆ ಹಿಂಬದಿಯ ಮೂಲೆಯಲ್ಲಿ ಹೊಲಿದವಳ ಹೆಸರು, ತಾಂಡಾದ ಹೆಸರು ದಾರದಲ್ಲೇ ಬರೆದಿಡಿ. ಮುಂದಿನವರು ಕೇಳಿದಾಗ ಹೇಳಲು ನೀವು ಇರಲಿಕ್ಕಿಲ್ಲ.