ದಂಡಿನ ಮೈದಾನಗಳ ಮಕ್ಕಳು

ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ಬರೆಯಹೊರಟವರು ಬೆಂಗಳೂರಿನ ದಂಡು ಪ್ರದೇಶದಿಂದಲೇ, ಎಂದರೆ ಬ್ರಿಟಿಷ್ ಸೇನೆ ಬೀಡುಬಿಟ್ಟಿದ್ದ ನಗರದ ಪೂರ್ವಭಾಗದಿಂದಲೇ, ಆರಂಭಿಸಬೇಕಾಗುತ್ತದೆ. ಸೈನಿಕರ ಆಟವಾಗಿ ಅಲ್ಲಿಗೆ ಬಂದದ್ದು ಕಾಲಕ್ರಮದಲ್ಲಿ ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಂಥ ದುಡಿಯುವ ಜನರ ಬಡಾವಣೆಗಳ ಆಟವಾಯಿತು. ಗೌತಮಪುರದಲ್ಲಿ ಅಂಬೇಡ್ಕರ್ ಅವರ ಪ್ರತಿಮೆಯ ಜೊತೆಯಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ನಿಂತಿರುವುದು ಈ ಕಾರಣಕ್ಕೆ ಅರ್ಥಪೂರ್ಣವಾಗಿದೆ. ಬೌರು ಪಟ್ಟಣದಲ್ಲಿ ಬೂಟು ಪಾಲಿಶ್ ಮಾಡುತ್ತ, ಕಾಗದ ತುಂಬಿದ ಕಾಲುಚೀಲವನ್ನೇ ಚೆಂಡು ಮಾಡಿಕೊಂಡು ಆಡಿ, ಹದಿನೇಳನೆಯ ವಯಸ್ಸಿಗೆ 1958ರ ವಿಶ್ವಕಪ್ ಗೆದ್ದ ಹುಡುಗನನ್ನು ಆ ಕೇರಿಯ ಜನ ತಮ್ಮವನೆಂದೇ ಭಾವಿಸಿದ್ದಾರೆ. ಇಂಥ ಕೇರಿಗಳಲ್ಲಿ ಆಟದ ಕಸುವಿಗೆ ಎಂದೂ ಬರವಿರಲಿಲ್ಲ. ಆ ಕಸುವನ್ನು ಜೀವನೋಪಾಯವಾಗಿಸುವ ಏಣಿ ಯಾವ ಕಾಲದಲ್ಲಿ ಯಾರ ಕೈಗೆ ಎಟುಕಿತು ಎಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಮುಂಬಯಿಯಲ್ಲಿ 1891ರಲ್ಲಿ ಆರಂಭವಾಗಿ ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಗೆದ್ದುಕೊಂಡು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಆ ಮೊದಲ ಗೆಲುವಿನ ಹನ್ನೊಂದು ವರ್ಷಗಳ ನಂತರ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿದಾಗ ಹೆಚ್ಚಿನ ಆಟಗಾರರ ಕಾಲಲ್ಲಿ ಬೂಟುಗಳಿರಲಿಲ್ಲ, ಕೆಲವರು ಪಾದಕ್ಕೆ ಬರೀ ಬಟ್ಟೆಪಟ್ಟಿ ಸುತ್ತಿಕೊಂಡಿದ್ದರು. ಎರಡು ಪೆನಾಲ್ಟಿ ಒದೆತಗಳು, ಅಂದರೆ ಗೋಲ್‌ಕೀಪರನೊಬ್ಬನೇ ಎದುರಿಗಿರುವಾಗ ನೇರವಾಗಿ ಗುರಿಯಿಡುವ ಅವಕಾಶಗಳು, ವ್ಯರ್ಥವಾಗಿ ಭಾರತ 1–2ರಿಂದ ಸೋತರೂ, ಆ ದಿನದ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬರಿಗಾಲಿನ ಆಟವನ್ನು ಕೇವಲ ಬಡತನದ ಗುರುತೆಂದು ಕಾಣುವುದೂ ತಪ್ಪು, ಬಡತನಕ್ಕೂ ಅದಕ್ಕೂ ಸಂಬಂಧವಿಲ್ಲವೆನ್ನುವುದೂ ತಪ್ಪು. ಬೂಟು ಕೊಳ್ಳಲಾಗದ ಮಕ್ಕಳು ಪಾದದ ಚರ್ಮದಿಂದಲೇ ಚೆಂಡಿನ ಮನಸ್ಸನ್ನು ಅರಿಯುತ್ತ ಬೆಳೆದರು, ಮುಂದೆ ಆ ಅರಿವು ಒಂದು ಶೈಲಿಯೇ ಆಗಿ ನಿಂತಿತು.

ಆ ಶೈಲಿಯ ಶ್ರೇಷ್ಠ ಪ್ರತಿನಿಧಿ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್. ಲಂಡನ್ ಒಲಿಂಪಿಕ್ಸ್‌ನ ಭಾರತ ತಂಡದಲ್ಲಿದ್ದ ಅವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಸಾಲೆ ಹಾಗೂ ಬೆಂಗಳೂರಿನವರೇ ಆದ ಧನರಾಜ್ ಅವರೊಡನೆ ಅಹ್ಮದ್ ಖಾನ್ ಕೂಡಿದ ಐವರ ದಾಳಿಸಾಲನ್ನು ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದರು, ಮತ್ತು 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನ ಪಾಲಾಯಿತು. ದೆಹಲಿಯ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಮಣಿಸಿದಾಗ, ಆ ಒಂದು ಗೋಲು ಅಹ್ಮದ್ ಖಾನ್ ಅವರದೇ. ಬೂಟಿಲ್ಲದೆ ಆಡುವ ಕಾಲ ಮುಗಿಯಿತೆಂಬುದನ್ನು ದೇಶದ ಫುಟ್‌ಬಾಲ್ ಆಡಳಿತ ಒಪ್ಪಿಕೊಂಡದ್ದು ಆ ಸೋಲಿನ ಬಳಿಕವೇ.

ಆಗ ಭಾರತದಲ್ಲಿ ವೃತ್ತಿಪರ ಫುಟ್‌ಬಾಲ್, ಅಂದರೆ ಆಟಕ್ಕೇ ಒಪ್ಪಂದದ ಸಂಬಳ ಪಡೆಯುವ ಪದ್ಧತಿ, ಅಧಿಕೃತವಾಗಿ ಇರಲಿಲ್ಲವಾದ್ದರಿಂದ ಆಟಗಾರನ ಮನೆಯ ಒಲೆ ಉರಿಯಬೇಕಾದರೆ ಕಚೇರಿಯ ನೌಕರಿಯೇ ದಾರಿಯಾಗಿತ್ತು. ರೈಲ್ವೆ, ಪೊಲೀಸ್ ಹಾಗೂ ಬೆಂಗಳೂರಿನ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ದಿಮೆಗಳು ಕ್ರೀಡಾ ಮೀಸಲಿನಲ್ಲಿ ಆಟಗಾರರಿಗೆ ಕೆಲಸ ಕೊಟ್ಟು ತಮ್ಮ ತಂಡಗಳನ್ನು ಕಟ್ಟಿದವು. ತ್ರಿಶ್ಶೂರಿನ ಕ್ರೀಡಾಂಗಣದಲ್ಲಿ ಹತ್ತು ಪೈಸೆಗೊಂದರಂತೆ ಸೋಡಾ ಮಾರುತ್ತಿದ್ದ ಐ. ಎಂ. ವಿಜಯನ್ ಎಂಬ ಹುಡುಗ ಕೇರಳ ಪೊಲೀಸ್ ತಂಡಕ್ಕೆ ಸೇರಿದ್ದು, ಅಲ್ಲಿಂದ ಭಾರತ ತಂಡದ ನಾಯಕನಾಗಿ, 2025ರಲ್ಲಿ ಪದ್ಮಶ್ರೀ ಪಡೆಯುವವರೆಗೆ ಬೆಳೆದದ್ದು ಇದೇ ವ್ಯವಸ್ಥೆಯ ಫಲ. ಎಳೆಯ ಪ್ರಾಯದ ಹುಡುಗನಿಗೆ ತಿಂಗಳ ಸಂಬಳವೊಂದು ಕೊಟ್ಟ ನಿರಾಳವನ್ನು ಯಾವ ಪ್ರಶಸ್ತಿಯೂ ಕೊಡಲಾರದು.

ವಿಜಯನ್ ಅವರ ಜೊತೆಗಾರರಾಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನವರು, 1971ರಲ್ಲಿ ಹುಟ್ಟಿದವರು. ಅವರಿಗೆ ಎಟುಕಿದ ಏಣಿ ಬೇರೆಯದು: ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಕಲಿತ ಅವರನ್ನು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಆರಿಸಿಕೊಂಡಿತು. ಆಯ್ದ ಹುಡುಗರಿಗೆ ಊಟ, ವಸತಿ, ತರಬೇತಿಗಳನ್ನು ಸಂಸ್ಥೆಯೇ ಭರಿಸುವ ಈ ವಸತಿಶಾಲೆ ಆರಂಭವಾದದ್ದು 1987ರಲ್ಲಿ. ಅಲ್ಲಿಂದ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಚಾಪ್‌ಮನ್ ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಗೋಲು ಹೊಡೆದರು. ಕ್ಲಬ್ ಗೆದ್ದದ್ದು 6–2ರಿಂದ. ಅವರು ಮಿಡ್‌ಫೀಲ್ಡರ್, ಅಂದರೆ ರಕ್ಷಣೆಗೂ ದಾಳಿಗೂ ನಡುವೆ ನಿಂತು ಎರಡನ್ನೂ ಬೆಸೆಯುವ ಆಟಗಾರ ಎಂಬುದನ್ನು ನೆನೆದರೆ ಆ ಮೂರು ಗೋಲುಗಳ ಬೆಲೆ ಇನ್ನೂ ಹೆಚ್ಚುತ್ತದೆ. ಪಂಜಾಬಿನ ಜೆಸಿಟಿ ತಂಡದಲ್ಲಿ ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರೊಡನೆ ಆಡಿ 1996–97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಮುಂದೆ ಈಸ್ಟ್ ಬೆಂಗಾಲ್‌ಗೆ ಮರಳಿ ನಾಯಕನಾಗಿ 2000–01ರ ಲೀಗನ್ನೂ ಗೆಲ್ಲಿಸಿಕೊಟ್ಟರು. ಆಟ ನಿಲ್ಲಿಸಿದ ಮೇಲೆ ತಾವು ಕಲಿತ ಅಕಾಡೆಮಿಯಲ್ಲೇ ತರಬೇತುದಾರರಾದ ಈ ದೊಡ್ಡ ಆಟಗಾರ 2020ರ ಅಕ್ಟೋಬರ್ 12ರಂದು, 49ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡಾಗ ಕನ್ನಡ ನಾಡು ಅವರನ್ನು ಕಲ್ಕತ್ತೆಯಷ್ಟು ಗಾಢವಾಗಿ ನೆನೆಯಲಿಲ್ಲ ಎಂಬುದು ವಿಷಾದದ ಸಂಗತಿ.

ಈ ಏಣಿಗಳಲ್ಲಿ ಕೆಲವು ಈಗ ಇಲ್ಲ. ಜೆಸಿಟಿ ತನ್ನ ತಂಡವನ್ನು 2011ರಲ್ಲಿ ಮುಚ್ಚಿತು, ಸಾರ್ವಜನಿಕ ಉದ್ದಿಮೆಗಳ ತಂಡಗಳು ಹಿಂದಿನ ಬಲ ಕಳೆದುಕೊಂಡವು. ಇತ್ತ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ರಾಷ್ಟ್ರಮಟ್ಟದ ಐ-ಲೀಗ್ ಗೆದ್ದು ವೃತ್ತಿಪರ ಕ್ಲಬ್ಬಿನ ಮಾದರಿಯನ್ನು ತೋರಿಸಿತು, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಕರ್ನಾಟಕ 54 ವರ್ಷಗಳ ಬಳಿಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಮರಳಿ ಪಡೆಯಿತು. ಆದರೆ ನಗರದ ಖಾಸಗಿ ಅಕಾಡೆಮಿಗಳ ಬಾಗಿಲಲ್ಲಿ ತಿಂಗಳ ಶುಲ್ಕ ಕುಳಿತಿದೆ. ಮೇಲೂರು, ಶಿಡ್ಲಘಟ್ಟದ ಸುತ್ತಲಿನ ಹಿಪ್ಪುನೇರಳೆ ಬೆಳೆಗಾರರ, ರೇಷ್ಮೆ ಬಿಚ್ಚಾಣಿಕೆಯ ಕೂಲಿಕಾರರ ಮಕ್ಕಳಿಗೆ ಬೆಂಗಳೂರು ದೂರದ ಊರಲ್ಲ, ಆ ಶುಲ್ಕ ಮಾತ್ರ ದೂರ. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳೇ ಮುಖ್ಯವಾಗಿರುವ ಹಳ್ಳಿಶಾಲೆಗಳ ಅಂಗಳಕ್ಕೆ ಫುಟ್‌ಬಾಲ್ ಬರಬೇಕಾದರೆ ಚೆಂಡಿಗಿಂತ ಮೊದಲು ತರಬೇತುದಾರ ಬರಬೇಕು. ಸರ್ಕಾರದ ಕ್ರೀಡಾ ವಸತಿ ನಿಲಯಗಳ ಆಯ್ಕೆಗೆ ಮಕ್ಕಳನ್ನು ಸಜ್ಜುಗೊಳಿಸಬಲ್ಲ, ಸಂಬಳವಿರುವ ಒಬ್ಬ ತರಬೇತುದಾರನನ್ನು ಪ್ರತಿ ತಾಲ್ಲೂಕಿನ ಕ್ರೀಡಾಂಗಣಕ್ಕೆ ನೇಮಿಸುವ ಕೆಲಸ ಅದರಿಂದಲೇ ತುರ್ತಿನದಾಗಿದೆ.